ನೀಲಿ ಎಂದು ಬರೆಸಿದ ಹಸಿರು ಕಾರು

ಮೊನ್ನೆ ಭಾನುವಾರ ಅಟ್ಟದ ಮೇಲೆ ಕೈಯಾಡಿಸಿ ಒಂದು ಪುಟ್ಟ ತಗಡಿನ ಡಬ್ಬಿ ಇಳಿಸಿದೆ. ಕಾಲು ಕಿಲೋ ತುಪ್ಪ ಹಿಡಿಯುವಂಥದ್ದು. ಕಾರಿನ ಹಿಂದಿನ ಬಂಪರನ್ನು ಯಾರೋ ಪುಣ್ಯಾತ್ಮ ತರಚಿ ಹೋಗಿದ್ದ. ಹಳೇ ಬಣ್ಣ ಒಂದಿಷ್ಟು ಉಳಿದಿದ್ದರೆ ನಾನೇ ಬಳಿದುಬಿಡೋಣ ಎಂಬ ಜಿಪುಣ ಬುದ್ಧಿ ನನ್ನದು. ಚಮಚದ ಹಿಡಿಯಿಂದ ಮೀಟಿದರೆ ಮುಚ್ಚಳ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಇನ್ನೊಮ್ಮೆ ಮೀಟಿದೆ. ಒಂದು ಸಂದು ಬಿಟ್ಟಿದ್ದೇ ತಡ, ಥಿನ್ನರಿನ ವಾಸನೆ ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಥಿನ್ನರಿಗೆ ಯಾರ ಕಣ್ಣಲ್ಲಾದರೂ ನೀರು ಬರುತ್ತದೆ, ಬಿಡಿ. ಆದರೂ ನಾನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಡುಗೆಮನೆಯ ಹೊಸ್ತಿಲಲ್ಲೇ ಕೂತುಬಿಟ್ಟೆ. ಮುಚ್ಚಳ ಪೂರ್ತಿ ತೆಗೆಯಲು ಕೈ ಬರಲಿಲ್ಲ.

ಆ ಡಬ್ಬಿಯ ಬಣ್ಣ ಕಲಸಿದವರನ್ನು ನಾನು ಪೇಂಟರಣ್ಣ ಅನ್ನುತ್ತಿದ್ದೆ. ದಾವಣಗೆರೆಯಿಂದ ಹರಿಹರದ ಕಡೆ ಹೋಗುವ ಹಳೇ ರಸ್ತೆಯಲ್ಲಿ, ಒಂದು ಪಂಕ್ಚರ್ ಅಂಗಡಿಯ ಪಕ್ಕ ಅವರ ತಗಡಿನ ಶೆಡ್ಡು. ಕಾರುಗಳಿಗೆ ಬಣ್ಣ ಹೊಡೆಯುವುದು ಅವರ ಕಸುಬು. ಶಾಮನೂರಿನವರು. ಅಣ್ಣತಮ್ಮಂದಿರೆಲ್ಲ ಭತ್ತದ ಗದ್ದೆ ನೋಡಿಕೊಂಡರೆ ಇವರೊಬ್ಬರು ಮಾತ್ರ ಸ್ಪ್ರೇ ಗನ್ನು ಹಿಡಿದರು. ಎಷ್ಟು ತೊಳೆದರೂ ಉಗುರ ಸಂದಿನಲ್ಲಿ ಯಾವುದೋ ಒಂದು ಬಣ್ಣ ಇರುತ್ತಿತ್ತು. ಇವತ್ತು ಯಾರ ಕಾರು ಬಂದಿದೆ ಅಂತ ಆ ಉಗುರು ನೋಡಿಯೇ ನಾನು ಹೇಳುತ್ತಿದ್ದೆ.

ನಾನು ಆಗ ಹರಿಹರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರು. ಇದ್ದದ್ದು ದಾವಣಗೆರೆಯ ಸರಸ್ವತಿ ನಗರದಲ್ಲಿ, ಬಾಡಿಗೆ ಮನೆಯಲ್ಲಿ, ಒಬ್ಬಳೇ. ಮದುವೆ ಯಾಕಾಗಲಿಲ್ಲ ಅನ್ನುವುದು ಇಲ್ಲಿ ಬೇಡ. ಊರಿನವರು ಅದನ್ನು ಬೇಕಾದಷ್ಟು ಸಲ ಕೇಳಿ ಮುಗಿಸಿದ್ದಾರೆ. ಬಸ್ಸಿನಲ್ಲಿ ನಿಂತು ನಿಂತು ಸೊಂಟ ಬಿದ್ದುಹೋದಾಗ ಒಂದು ಸೆಕೆಂಡ್ ಹ್ಯಾಂಡ್ ಚಿಕ್ಕ ಕಾರು ತಗೊಂಡೆ. ಬೂದಿ ಬಣ್ಣದ್ದು. ತಗೊಂಡ ವಾರಕ್ಕೇ ಒಂದು ಆಟೋ ತಾಗಿತು. ಹಾಗೆ ಮೊದಲ ಸಲ ಆ ಶೆಡ್ಡಿಗೆ ಹೋದದ್ದು.

ಪೇಂಟರಣ್ಣನಿಗೆ ಒಂದು ಚಟ. ಕಾರಿನ ಬಣ್ಣ ನೋಡಿ ಒಡೆಯನ ಜಾತಕ ಹೇಳುವುದು. ಕೂರಲು ಒಂದು ಹಳೇ ಕಾರಿನ ಸೀಟು ಇತ್ತು, ಅದರ ಮೇಲೆ ಕೂರಿಸಿ, ಪಕ್ಕದ ಹೋಟೆಲಿನಿಂದ ಚಹಾ ತರಿಸಿ ಶುರು ಮಾಡುತ್ತಿದ್ದರು.

"ಬಿಳಿ ತಗಂಡೋರು ಐದಾರಲ್ಲ, ಅವ್ರು ಕೊಂಡ ದಿನಾನೇ ಮಾರೋ ಯೋಚ್ನೆ ಮಾಡಿರ್ತಾರೆ. ಕರೀದು ಅಂದ್ರೆ ಮನೇಲಿ ಒರೆಸೋಕೆ ಆಳು ಐತೆ ಅಂತ ತಿಳ್ಕಳ್ರಿ. ಸಿಲ್ವರ್ರು ಸೋಮಾರಿಗಳದ್ದು, ಧೂಳು ಕಾಣಂಗಿಲ್ಲ ನೋಡ್ರಿ. ಕೆಂಪು ತಂದಾನೆ ಅಂದ್ರೆ ಆ ಮನೇಲಿ ಯಜಮಾನನ ಮಾತು ನಡಿಯಂಗಿಲ್ಲ, ಮಕ್ಕಳದ್ದೇ ದರ್ಬಾರು."

ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಶಾಲೆಯಲ್ಲಿ ನಕ್ಕರೆ ಶಿಸ್ತು ಹೋಗುತ್ತದೆ, ಮನೆಯಲ್ಲಿ ನಗಲು ಜೊತೆಗೆ ಯಾರಿದ್ದರು? ಬರಬರುತ್ತಾ ಸಣ್ಣದೊಂದು ನೆವ ಮಾಡಿಕೊಂಡು, ಕನ್ನಡಿ ಸಡಿಲವಾಗಿದೆ, ಬಾಗಿಲು ಕಿರ್ ಅನ್ನುತ್ತದೆ ಅಂತ ಸಂಜೆ ಐದಕ್ಕೆ ಅಲ್ಲಿ ಕಾರು ನಿಲ್ಲಿಸುವುದು ರೂಢಿಯಾಯಿತು. ಆ ಒಂದು ಚಹಾ ಕುಡಿಯಲು ನಾನು ಬೆಳಗ್ಗೆಯಿಂದ ಕಾಯುತ್ತಿದ್ದೆ ಅಂತ ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

"ನನ್ನ ಕಾರಿನ ಬಣ್ಣ ಏನು ಹೇಳುತ್ತೆ ಪೇಂಟರಣ್ಣ?" ಅಂತ ಒಂದು ದಿನ ಕೇಳಿದೆ.

"ಇದು ನಿಮ್ದಲ್ಲ ಮೇಡಮ್ಮಾರೆ, ಹಿಂದಿನವ್ರದ್ದು. ನಿಮ್ಗೇನು ಬೇಕು ಅಂತ ಯಾರರೆ ಕೇಳಿದ್ರೇನು?"

ನಿಜವಾಗಿ ಯಾರೂ ಕೇಳಿರಲಿಲ್ಲ.

ಮನೆಗೆ ಬಂದು ಟ್ರಂಕು ತೆಗೆದೆ. ನಮ್ಮ ಕಡೆ ಗೃಹಪ್ರವೇಶ, ನಾಮಕರಣ ಏನೇ ಇರಲಿ, ಹೋದ ಹೆಂಗಸರಿಗೆ ಕುಂಕುಮ ಕೊಟ್ಟು ಒಂದು ಬ್ಲೌಸ್ ಪೀಸು ಕೈಗಿಡುತ್ತಾರೆ. ಅದನ್ನು ಯಾರೂ ಹೊಲಿಸುವುದಿಲ್ಲ, ಇನ್ನೊಬ್ಬರ ಮನೆಗೆ ದಾಟಿಸುತ್ತಾರೆ. ನಾನು ಕೊಟ್ಟದ್ದೇ ಮೂರು ಮನೆ ಸುತ್ತಿ ನನ್ನ ಮಡಿಲಿಗೆ ಬಂದದ್ದೂ ಉಂಟು. ಆ ರಾಶಿಯ ತಳದಲ್ಲಿ ಒಂದು ತುಂಡು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಮೊದಲ ಸಂಬಳದಲ್ಲಿ ನಾನೇ ಇಷ್ಟಪಟ್ಟು ತಂದದ್ದು. ನವಿಲಿನ ಕತ್ತಿನ ನೀಲಿ. ತಂದ ದಿನವೇ ಚಿಕ್ಕಮ್ಮ, "ನಿನ್ನ ಮೈಬಣ್ಣಕ್ಕೆ ಇದು ಒಪ್ಪಂಗಿಲ್ಲ ಬಿಡೇ" ಅಂದಿದ್ದರು. ಆಮೇಲೆ ಹೊಲಿಸಲು ಮನಸ್ಸಾಗಲಿಲ್ಲ, ಕೊಟ್ಟುಬಿಡಲೂ ಮನಸ್ಸಾಗಲಿಲ್ಲ.

ಅದನ್ನು ತೆಗೆದುಕೊಂಡು ಹೋಗಿ ಪೇಂಟರಣ್ಣನ ಮುಂದೆ ಹಿಡಿದೆ. ಚಿಕ್ಕಮ್ಮನ ಮಾತನ್ನೂ ಹೇಳಿದೆ.

"ಕಾರಿಗೆ ಮೈಬಣ್ಣದ ಕಾಟ ಇಲ್ಲ ಬಿಡ್ರಿ," ಅಂದರು. ಹಳೇ ಬಣ್ಣಕ್ಕೆ ಹೊಸದನ್ನು ಹೊಂದಿಸಬೇಕಾದರೆ ಅವರು ಕಾರಿನ ಪೆಟ್ರೋಲ್ ಮುಚ್ಚಳ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು ಬಣ್ಣ ಕಲಸುತ್ತಿದ್ದರು. "ಇಷ್ಟು ವರ್ಷದಾಗ ಎಲ್ರೂ ಮುಚ್ಚಳ ತಂದಾರೆ, ಬ್ಲೌಸ್ ಪೀಸ್ ತಂದೋರು ನೀವೊಬ್ರೇ." ಕತ್ತರಿ ತಗೊಂಡು ಅಂಚಿನಿಂದ ಬೆರಳಗಲದ ಪಟ್ಟಿ ಕತ್ತರಿಸಿ ತಮ್ಮ ಮಾದರಿಯ ಪುಸ್ತಕದಲ್ಲಿ ಅಂಟಿಸಿಕೊಂಡರು. ಆಮೇಲೆ ಸ್ವಲ್ಪ ಗಂಭೀರವಾಗಿ ಹೇಳಿದರು. "ಒಂದು ಮಾತು. ಬಣ್ಣ ತಪ್ಪಿದ್ರೆ ಬಾಯಿಬಿಟ್ಟು ಹೇಳ್ಬೇಕು. ಬೇರೆ ಗಿರಾಕಿ ನಂ ಮುಂದೆ ಚಲೋ ಐತೆ ಅಂತಾರೆ, ಊರೆಲ್ಲ ಆಡ್ಕಂತಾರೆ. ನೀವು ಟೀಚರು. ತಪ್ಪು ಕಂಡಲ್ಲಿ ಕೆಂಪು ಗೀಟು ಎಳಿಯೋರು."

"ಹೇಳದೆ ಬಿಡ್ತೀನಾ?" ಅಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ...

ಬಣ್ಣ ಬದಲಿಸುವ ಮೊದಲು ಆರ್‌ಟಿಓ ಕಚೇರಿಗೆ ಅರ್ಜಿ ಕೊಡಬೇಕು. ಕೊಟ್ಟೆ. ಕಾರಿನ ದಾಖಲೆಯಲ್ಲಿ ನೀಲಿ ಎಂದು ಬರೆಸಿದೆ. ಹತ್ತು ದಿನ ಬಸ್ಸಿನಲ್ಲಿ ಓಡಾಡಿದೆ. ಹನ್ನೊಂದನೇ ದಿನ ಬೆಳಗ್ಗೆ ಫೋನು ಬಂತು. ಹೋದರೆ ಶೆಡ್ಡಿನೊಳಗೆ ಟ್ಯೂಬ್‌ಲೈಟಿನ ಕೆಳಗೆ ಕಾರು ಗಾಢವಾಗಿ ಹೊಳೆಯುತ್ತಿತ್ತು. ಪೇಂಟರಣ್ಣ ಅದನ್ನು ಬಿಸಿಲಿಗೆ ತಂದು ನಿಲ್ಲಿಸಿದರು.

ಹಸಿರು! ಅಚ್ಚ ನವಿಲು ಹಸಿರು. ಯಾವ ಮಗುವಾದರೂ ಹಸಿರು ಅಂತಲೇ ಅನ್ನುವಂಥದ್ದು.

ಅವರು ನಾನು ಬಿಟ್ಟುಹೋಗಿದ್ದ ಬ್ಲೌಸ್ ಪೀಸನ್ನು ಬಾಗಿಲಿಗೆ ಒತ್ತಿ ಹಿಡಿದರು. ನೀಲಿ ಬಟ್ಟೆ, ಹಸಿರು ಬಾಗಿಲು. "ಕೂದ್ಲೆಳೆ ಫರಕಿಲ್ಲ ನೋಡ್ರಿ. ಹೆಂಗೈತೆ?" ಅಂದರು. ಆಗ ನಾನು ಬಾಗಿಲು ಬಿಟ್ಟು ಅವರ ಕಣ್ಣು ನೋಡಿದೆ. ಪಾಪೆಯ ಮೇಲೆ ಗಂಜಿಯಂಥ ಪೊರೆ. ಇಷ್ಟು ದಿನ ಎದುರಿಗೆ ಕೂತು ಚಹಾ ಕುಡಿದವಳಿಗೆ ಅದು ಕಂಡಿರಲಿಲ್ಲ. ಪೊರೆ ಬಂದ ಕಣ್ಣಿಗೆ ನೀಲಿ ಮಸುಕಾಗುತ್ತದೆ, ನೀಲಿ ಹಸಿರು ಬೇರೆ ಮಾಡಲು ಕಷ್ಟವಾಗುತ್ತದೆ ಅಂತ ನನಗೆ ಗೊತ್ತಿತ್ತು. ಬೆಳಕಿನ ಪಾಠ ಮಾಡುವವಳಲ್ಲವೇ ನಾನು!

ಹೇಳಬೇಕಿತ್ತು. ಆ ಮುಖ ಹೊಸ ಅಂಗಿ ತೊಟ್ಟು ನಿಂತ ಮಗುವಿನ ಮುಖದಂತಿತ್ತು. ಹೇಳಿದರೆ ಈ ಮನುಷ್ಯ ಕುಸಿದುಹೋಗುತ್ತಾರೆ ಅನ್ನಿಸಿತು. ಅದು ಅರ್ಧ ಸತ್ಯ. ಹೇಳಿದರೆ ನಾಳೆಯಿಂದ ಇಲ್ಲಿ ಚಹಾ ಮೊದಲಿನಂತೆ ಇರುವುದಿಲ್ಲ ಎಂಬ ಹೆದರಿಕೆ ಉಳಿದರ್ಧ.

"ಅದೇ ಬಣ್ಣ," ಅಂದೆ.

ಶಾಲೆಯಲ್ಲಿ ಹುಡುಗಿಯರು "ಹಸಿರು ಕಾರಿನ ಮಿಸ್" ಅಂದರೆ "ನೀಲಿ ಕಣ್ರೇ" ಅಂತ ತಿದ್ದುತ್ತಿದ್ದೆ. ಅವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ವಿಜ್ಞಾನದ ಟೀಚರಿಗೆ ಬಣ್ಣ ಗೊತ್ತಾಗುವುದಿಲ್ಲ ಅಂತ ಸ್ಟಾಫ್ ರೂಮಿನಲ್ಲೂ ಮಾತಾಯಿತು. ಆಗಲಿ ಬಿಡು ಅಂತ ಇದ್ದೆ. ಮೈಗೆ ಅಂಟಿದ ಸುಳ್ಳು ಚೂರು ಚೂರೇ ಅಭ್ಯಾಸವಾಯಿತು.

ಎರಡು ತಿಂಗಳಾಗಿರಬೇಕು. ಒಂದು ಸಂಜೆ ಶೆಡ್ಡಿನ ಮುಂದೆ ಗಲಾಟೆ. ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯ ಒಬ್ಬ ಜವಳಿ ಸಾಹುಕಾರರು, ನೀಲಿ ಬಣ್ಣದ ದೊಡ್ಡ ಕಾರು. ತರಚಿದ್ದ ಒಂದು ಬಾಗಿಲಿಗೆ ಮಾತ್ರ ಪೇಂಟರಣ್ಣ ಬಣ್ಣ ಹೊಡೆದಿದ್ದರು. ಆ ಬಾಗಿಲು ಹಸಿರಾಗಿ ಬೇರೆಯೇ ಕಾಣುತ್ತಿತ್ತು. ದಿನಾ ಬಟ್ಟೆ ಅಳೆಯುವವರ ಕಣ್ಣು, ಸುಮ್ಮನೆ ಬಿಡುತ್ತದೆಯೇ?

"ನಲವತ್ತು ವರ್ಷದ ಕೈ ರೀ ಇದು, ತಪ್ಪಂಗಿಲ್ಲ," ಅನ್ನುತ್ತಿದ್ದರು ಪೇಂಟರಣ್ಣ. ಅಷ್ಟರಲ್ಲಿ ನನ್ನ ಕಾರು ನಿಂತದ್ದು ಕಂಡಿತು. "ಅಗಾ, ಮೇಡಮ್ಮಾರು ಬಂದ್ರು. ಅವ್ರನ್ನೇ ಕೇಳ್ರಿ. ಅವ್ರ ಗಾಡಿನೂ ನಾನೇ ಹೊಡ್ದಿದ್ದು, ಇದೇ ನೀಲಿ!"

ಸಾಹುಕಾರರು ನನ್ನ ಕಾರನ್ನು ಮೇಲಿಂದ ಕೆಳಗೆ ನೋಡಿದರು. "ಏನ್ರೀ ಮೇಡಂ, ನಿಮ್ಮ ಕಾರು ಯಾವ ಬಣ್ಣ?"

ಪೇಂಟರಣ್ಣ ನನ್ನನ್ನೇ ನೋಡುತ್ತಿದ್ದರು. "ನೀಲಿ..." ಅಂದೆ.

ಸಾಹುಕಾರರು ಹೋ ಎಂದು ನಕ್ಕರು. ಪಂಕ್ಚರ್ ಅಂಗಡಿಯವರು ನಕ್ಕರು, ಚಹಾ ಕುಡಿಯುತ್ತಿದ್ದವರೂ ನಕ್ಕರು. ಪೇಂಟರಣ್ಣ ಒಂದೊಂದೇ ಮುಖ ನೋಡುತ್ತಾ ಹೋದರು. ಕೊನೆಗೆ ನನ್ನ ಮುಖಕ್ಕೆ ಬಂದರು. ನಾನು ತಲೆ ತಗ್ಗಿಸಿದೆ. ಅವರಿಗೆ ಆಗ ಅರ್ಥವಾಯಿತು. ಕೈಯಲ್ಲಿದ್ದ ಬಟ್ಟೆಯ ಚೂರಿನಿಂದ ಆ ಬಾಗಿಲನ್ನು ಸುಮ್ಮನೆ ಒರೆಸಿದರು, ಒರೆಸುತ್ತಲೇ ಇದ್ದರು. ನಾನು ಕಾರು ಹತ್ತಿ ಮನೆಗೆ ಬಂದೆ.

ಆಮೇಲೆ ಶೆಡ್ಡಿಗೆ ಬೀಗ. ಕಣ್ಣಿನ ಆಪರೇಷನ್ ಆಯಿತಂತೆ ಅಂತ ಸುದ್ದಿ ಬಂತು. ಹೋಗಿ ನೋಡಿಕೊಂಡು ಬರಲು ನನಗೆ ಮುಖವಿರಲಿಲ್ಲ.

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಬರುತ್ತೇನೆ, ಹರಿಹರದಲ್ಲಿ ನಮ್ಮ ಶಾಲೆಯ ಗೇಟಿನ ಹೊರಗೆ ಅವರು ನಿಂತಿದ್ದರು. ಕಪ್ಪು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ನನ್ನ ಕಾರನ್ನು ಒಂದು ಸುತ್ತು ಬಂದರು.

"ಅವತ್ತೇ ನಿಮ್ಗೆ ಕಂಡಿತ್ತು, ಅಲ್ಲೇನ್ರಿ?"

"ಹೂಂ."

"ಅವತ್ತೇ ಹೇಳಿದ್ರೆ ನಾನು ಅವತ್ತೇ ದವಾಖಾನಿಗೆ ಹೋಗ್ತಿದ್ದೆ. ಸಾಹುಕಾರ್ರ ಗಾಡಿ ಮುಟ್ತಿರ್ಲಿಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. "ನಿಮ್ಮ ಕಾರಿನ ಬಣ್ಣ ಏನು ಹೇಳ್ತೈತೆ ಅಂತ ಕೇಳಿದ್ರಲ್ಲ, ಈಗ ಗೊತ್ತಾತು ನೋಡ್ರಿ. ಎದುರಿಗಿದ್ದೋರು ನೊಂದ್ಕಂಡಾರು ಅಂತ, ಬ್ಯಾಡಾದ ಬಣ್ಣದಾಗೇ ಇಷ್ಟು ದಿನ ಓಡಾಡಿದ್ರಿ." ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. "ಇನ್ನೊಂದ್ಸಲ ಗಾಡಿ ಬಿಡ್ರಿ. ಸರಿ ಮಾಡಿಕೊಡ್ತೀನಿ. ನಂಗೋಸ್ಕರ."

"ಪರೀಕ್ಷೆ ಮುಗೀಲಿ, ಬರ್ತೀನಿ," ಅಂದೆ.

ಪರೀಕ್ಷೆ ಮುಗಿಯಿತು. ಪೇಪರ್ ತಿದ್ದುವುದು ಬಂತು, ರಜೆ ಬಂತು, ಮತ್ತೆ ಶಾಲೆ ಶುರುವಾಯಿತು. ಶೆಡ್ಡಿನ ಬಾಗಿಲು ತೆರೆದಿದೆ ಅಂತ ಗೊತ್ತಾದ ಮೇಲೆ ನಾನು ಬೈಪಾಸ್ ಹಿಡಿದು ಓಡಾಡತೊಡಗಿದೆ. ಅವರು ಕಾಯುತ್ತಿರುತ್ತಾರೆ ಅಂತ ಗೊತ್ತಿತ್ತು. ಗೊತ್ತಿದ್ದೇ ಹಾಗೆ ಮಾಡಿದೆ. ಆ ಕಣ್ಣುಗಳ ಎದುರು ಕೂತು ಚಹಾ ಕುಡಿಯುವ ಧೈರ್ಯ ಬರಲಿಲ್ಲ... ನಾಳೆ, ನಾಳಿದ್ದು ಅನ್ನುತ್ತಾ ಒಂದು ವರ್ಷ ಕಳೆದೆ.

ಟೈರು ಪಂಕ್ಚರಾದ ಒಂದು ದಿನ ವಿಧಿಯಿಲ್ಲದೆ ಹಳೇ ರಸ್ತೆಗೆ ಹೋದೆ. ಶೆಡ್ಡಿನಲ್ಲಿ ಸಿಮೆಂಟ್ ಮೂಟೆಗಳಿದ್ದವು. ಪಂಕ್ಚರ್ ಅಂಗಡಿಯವರು ಜಾಕಿ ಏರಿಸುತ್ತಾ, "ಹೋಗಿ ಮೂರು ತಿಂಗ್ಳಾತ್ರಿ, ಎದೆನೋವು ಅಂದ್ರು, ಅಷ್ಟೇ," ಅಂದರು. ಆಮೇಲೆ ಒಳಗೆ ಹೋಗಿ ಒಂದು ಡಬ್ಬಿ ತಂದುಕೊಟ್ಟರು. "ಹಸಿರು ಕಾರಿನ ಮೇಡಮ್ಮಾರು ಬಂದ್ರೆ ಕೊಡು ಅಂದಿದ್ರು."

ಉಳಿದ ಹಸಿರು ಬಣ್ಣ ಇರಬೇಕು ಅಂದುಕೊಂಡೆ. ತೆರೆದು ನೋಡುವ ಮನಸ್ಸಾಗಲಿಲ್ಲ. ಅಟ್ಟಕ್ಕೆ ಹಾಕಿದೆ. ಇದೆಲ್ಲ ಆಗಿ ಬಹಳ ವರ್ಷವಾಯಿತು. ನಾನು ನಿವೃತ್ತಳಾದೆ. ಕಾರು ಬಿಸಿಲಿಗೆ ಬೆಂದು ಪಾಚಿಯ ಬಣ್ಣಕ್ಕೆ ತಿರುಗಿದೆ. ದಾಖಲೆಯಲ್ಲಿ ಅದು ಇನ್ನೂ ನೀಲಿ.

ಮೊನ್ನೆ ಹೊಸ್ತಿಲಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಕೊನೆಗೆ ಮುಚ್ಚಳವನ್ನು ಪೂರ್ತಿ ಎತ್ತಿದೆ. ಮುಚ್ಚಳದ ಒಳಮೈಗೆ ಬೆರಳಗಲದ ಬಟ್ಟೆಯ ಪಟ್ಟಿ ಅಂಟಿಸಿದ್ದರು. ನನ್ನದೇ ಬ್ಲೌಸ್ ಪೀಸಿನದು, ಮಾದರಿಯ ಪುಸ್ತಕದಿಂದ ಬಿಡಿಸಿದ್ದು. ಡಬ್ಬಿಯಲ್ಲಿ ಬಣ್ಣ ಮೇಲೆ ಕೆನೆಗಟ್ಟಿತ್ತು. ಚಮಚದಿಂದ ಕೆನೆ ಸರಿಸಿದೆ. ಕೆಳಗೆ ಇನ್ನೂ ಹಸಿಯಾಗಿತ್ತು.

ಎದ್ದು ಅಂಗಳದ ಬಿಸಿಲಿಗೆ ಹೋದೆ. ಕಾರಿನ ಬಾಗಿಲ ಮೇಲೆ ಆ ಬಣ್ಣವನ್ನು ಬೆರಳಿನಿಂದ ಒಂದಿಷ್ಟು ಬಳಿದು, ಪಕ್ಕಕ್ಕೆ ಪಟ್ಟಿ ಹಿಡಿದು ನೋಡಿದೆ. ನವಿಲಿನ ಕತ್ತಿನ ನೀಲಿ. ಕೂದಲೆಳೆ ಫರಕಿರಲಿಲ್ಲ.

"ಅದೇ ಬಣ್ಣ, ಪೇಂಟರಣ್ಣ," ಅಂದೆ, ಜೋರಾಗಿಯೇ. ಅಂಗಳದಲ್ಲಿ ಯಾರೂ ಇರಲಿಲ್ಲ.