ಮೂಲೆ ಮಡಚಿದ ರಿಪೋರ್ಟು

ಬೆಳಿಗ್ಗೆ ಆರೂವರೆ. ಉಡುಪಿಯ ಒಂದು ಖಾಸಗಿ ಆಸ್ಪತ್ರೆಯ ಕಾರಿಡಾರಿನಲ್ಲಿ ಆಯಾ ಗುಣವತಿ ಖಾಲಿ ಕಾಗದವೊಂದನ್ನು ಹಿಡಿದು ಸರಸರ ನಡೆಯುತ್ತಿದ್ದಾರೆ. ಕಾಗದದ ಒಂದು ಮೂಲೆ ಮಡಚಿದೆ. ಹಿಂದೆಯೇ ಪೆನ್ಸಿಲು, ನೋಟ್‌ಬುಕ್ಕು ಹಿಡಿದ ಲೊರ್ನಾ. ಕಾಪುವಿನಿಂದ ಮೊದಲ ಬಸ್ಸಿಗೆ ಬಂದವರು, ಇನ್ನೂ ಚಹಾ ಕುಡಿದಿಲ್ಲ. ಅವರಿಬ್ಬರ ಹಿಂದೆ, ಇದನ್ನು ಬರೆಯಲು ಬಂದ ನಾನು.

"ಎಂತ ಮೇಡಂ, ನೆರಳಿನ ಹಾಗೆ ಹಿಂದೆಯೇ ಬರ್ತೀರಿ!" ಗುಣವತಿ ನಗುತ್ತಾರೆ.

"ಈ ಸಲ ಒಂದು ಹೆಜ್ಜೆಯೂ ಬಿಡ್ಲಿಕ್ಕಿಲ್ಲ ಅಕ್ಕ." ಲೊರ್ನಾ ನಗುವುದಿಲ್ಲ.

ಲೊರ್ನಾ ಮಣಿಪಾಲದ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹನ್ನೆರಡು ವರ್ಷದಿಂದ ಚಿತ್ರ ಬಿಡಿಸುತ್ತಾರೆ. ಹೂವು, ಹಕ್ಕಿ ಅಲ್ಲ ಮಾರಾಯ್ರೆ. ಯಾವ ಕೆಲಸ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬುದರ ನಕ್ಷೆ. ಕೆಲಸಕ್ಕೊಂದು ಚೌಕ, ಅಲ್ಲಿಂದ ಮುಂದಿನ ಕೆಲಸಕ್ಕೊಂದು ಬಾಣ. ಪ್ರೋಗ್ರಾಂ ಬರೆಯುವವರು ಇದನ್ನೇ ನೋಡಿ ಬರೆಯುತ್ತಾರೆ. ಇದರಲ್ಲಿಲ್ಲದ ಕೆಲಸ ಕಂಪ್ಯೂಟರಿನ ಪಾಲಿಗೆ ಇಲ್ಲವೇ ಇಲ್ಲ. ಇಷ್ಟಾದರೂ ಉದ್ಘಾಟನೆಯ ದಿನ ಹಾರ ಬೀಳುವುದು ಇನ್ಯಾರದೋ ಕೊರಳಿಗೆ. ನೂರ ನಲವತ್ತು ನಕ್ಷೆ ಬಿಡಿಸಿದವರಿಗೆ ಇಷ್ಟು ವರ್ಷದಲ್ಲಿ ಒಂದು ಗುಲಾಬಿಯೂ ಸಿಕ್ಕಿಲ್ಲ.

ಮೂರು ವರ್ಷದ ಹಿಂದೆ ಇದೇ ಆಸ್ಪತ್ರೆಯ ನಕ್ಷೆ ಬಿಡಿಸುವಾಗ ಗುಣವತಿಯವರನ್ನು ಕೇಳಿದ್ದರು, ನಿಮ್ಮ ಕೆಲಸ ಎಂತ ಎಂದು. "ರಿಪೋರ್ಟು ಕೊಂಡುಹೋಗುವುದು," ಎಂದರು ಗುಣವತಿ. ಅಷ್ಟೇ ತಾನೇ ಎಂದು ಲೊರ್ನಾ ಲ್ಯಾಬಿನಿಂದ ರೋಗಿಯ ಮೊಬೈಲಿಗೆ ನೇರ ಬಾಣ ಎಳೆದರು.

ಹೇಳದೆ ಉಳಿದದ್ದು ಒಂದಿತ್ತು. ಕೆಟ್ಟ ಸುದ್ದಿಯ ರಿಪೋರ್ಟಾದರೆ ಲ್ಯಾಬಿನವರು ಮೂಲೆ ಮಡಚುತ್ತಿದ್ದರು. ಅದನ್ನು ಗುಣವತಿ ಕೌಂಟರಿಗೆ ಕೊಡುತ್ತಿರಲಿಲ್ಲ. ಡಾಕ್ಟರ ಮೇಜಿನ ಮೇಲಿಟ್ಟು, ರೋಗಿಯನ್ನೂ ಮನೆಯವರನ್ನೂ ಒಳಗೆ ಕರೆದು, ಮೊದಲು ಕುರ್ಚಿ ಕೊಡುತ್ತಿದ್ದರು. "ಅದೂ ಒಂದು ಕೆಲಸವಾ? ಅವರು ಕೇಳಲಿಲ್ಲ, ನಾನು ಹೇಳಲಿಲ್ಲ," ಎನ್ನುತ್ತಾರೆ ಈಗ.

ಹೊಸ ವ್ಯವಸ್ಥೆ ಬಂದ ನಾಲ್ಕನೇ ತಿಂಗಳು ಲೊರ್ನಾರ ಸ್ವಂತ ಅಕ್ಕ, ಬರ್ತಾ ಎಂದು ಹೆಸರು, ಇಲ್ಲಿ ಪರೀಕ್ಷೆ ಮಾಡಿಸಿದರು. ಎರ್ಮಾಳಿನ ಮನೆಗೆ ಹೋಗುವಾಗ, ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಮೊಬೈಲು ಸದ್ದು ಮಾಡಿತು. ಕ್ಯಾನ್ಸರ್. ಸುತ್ತ ಐವತ್ತು ಜನ, ತನ್ನವರು ಅಂತ ಒಬ್ಬರಿಲ್ಲ. ತನ್ನ ಸ್ಟಾಪು ದಾಟಿದ್ದೂ ತಿಳಿಯದೆ ಪಡುಬಿದ್ರಿಯವರೆಗೆ ಹೋಗಿದ್ದರಂತೆ. ಕಳೆದ ವರ್ಷ ತೀರಿಕೊಂಡರು.

"ಕಾಯಿಲೆ ನನ್ನಿಂದ ಬಂದದ್ದಲ್ಲ, ಗೊತ್ತುಂಟು," ಲೊರ್ನಾ ಕಣ್ಣೊರೆಸಿಕೊಳ್ಳುತ್ತಾರೆ. "ಆದರೆ ಆ ಬಾಣ ಎಳೆದದ್ದು ನಾನೇ ಅಲ್ವಾ?"



ಸಹಿಯಾದ ನಕ್ಷೆ ಬದಲಿಸಲು ಯಾರೂ ಸುಲಭಕ್ಕೆ ಒಪ್ಪಲಿಲ್ಲ. ಲೊರ್ನಾ ರಜೆ ಹಾಕಿ ಹಾಕಿ ಆಸ್ಪತ್ರೆಯ ಮೆಟ್ಟಿಲು ಸವೆಸಿದರು. ಕಳೆದ ವಾರ ಆಡಳಿತದವರು, "ಬಿಡಿಸಿ ತನ್ನಿ, ನೋಡುವ," ಎಂದಿದ್ದಾರೆ. ಗುಣವತಿಯವರ ನಿವೃತ್ತಿಗೆ ಐದೇ ದಿನ ಉಂಟು. ಅದಕ್ಕೇ ಇವತ್ತು ಖಾಲಿ ಕಾಗದ ಹಿಡಿದು ಹಳೆಯ ದಾರಿಯನ್ನು ನಡೆದು ತೋರಿಸುತ್ತಿದ್ದಾರೆ.

ಕ್ಯಾಂಟೀನಿನಲ್ಲಿ ಕೂತು ಲೊರ್ನಾ ಹೊಸ ನಕ್ಷೆ ಬಿಡಿಸುತ್ತಾರೆ. ಗುಣವತಿ ಅದರ ಮೇಲೆ ಬೆರಳಾಡಿಸುತ್ತಾ ಕೇಳುತ್ತಾರೆ, "ಕುರ್ಚಿ ಎಲ್ಲಿ ಮೇಡಂ?"

ಲೊರ್ನಾ ಇನ್ನೊಂದು ಚೌಕ ಎಳೆದು ಬರೆಯುತ್ತಾರೆ: 'ಮೊದಲು ಕೂರಿಸುವುದು.'

ಕುರ್ಚಿಗೂ ಒಂದು ಚೌಕವಾ ಎಂದು ಮೇಲಿನವರು ನಗಲಿಕ್ಕಿಲ್ಲವೇ? ನಾನು ಕೇಳುತ್ತೇನೆ.

"ನಗಲಿ. ನನ್ನ ಹೆಸರೂ ಬೇಡ, ಈ ಚೌಕಕ್ಕೊಂದು ಸಹಿ ಬಿದ್ದರೆ ಸಾಕು," ಎನ್ನುತ್ತಾರೆ ಲೊರ್ನಾ. "ನಮ್ಮ ಬರ್ತಾ ಆ ರಿಪೋರ್ಟನ್ನು ನಿಂತುಕೊಂಡೇ ಓದಿದ್ದು."