ಭಾವ ತಂದ ಕೇಬಲ್ಲು

ನನ್ನ ಭಾವನ ಕಿವಿ ಬಹಳ ಸೂಕ್ಷ್ಮ. ಹಾಗಂತ ಅವರೇ ಹೇಳಿಕೊಂಡು ತಿರುಗುತ್ತಾರೆ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ಮತ್ತಿಗಿರಿಯಲ್ಲಿ ಸ್ವಂತ ಮನೆ, ಹಾಲ್‌ನಲ್ಲಿ ಸ್ಟೀರಿಯೋ. ಕಳೆದ ವರ್ಷ ಅದಕ್ಕೆ ವಿದೇಶದ ಸ್ಪೀಕರ್ ಕೇಬಲ್ ತರಿಸಿದರು. ಎಷ್ಟು ಕೊಟ್ಟರೆಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಕೇಬಲ್ಲು ಕೇರೆಹಾವಿನಷ್ಟು ದಪ್ಪ, ತುದಿಗೆ ಚಿನ್ನದ ನೀರು. ನೆಲ ತಾಕಬಾರದಂತೆ, ಮರದ ತುಂಡುಗಳ ಮೇಲೆ ಮಲಗಿಸಿದ್ದರು. ಯಾರೂ ದಾಟುವಂತಿಲ್ಲ, ಬಳಸಿಕೊಂಡೇ ಹೋಗಬೇಕು. ಬಾಣಂತಿಗೂ ಇಷ್ಟು ಆರೈಕೆ ನಡೆಯುವುದಿಲ್ಲ. ಮೊದಲ ದಿನ ಹಾಡು ಹಾಕಿ ಕೇಳಿಸಿದಾಗ, ನನಗೇನೂ ಬೇರೆ ಅನ್ನಿಸಲಿಲ್ಲ ಎಂದೆ.

“ಇನ್ನೂ ಪಳಗಿಲ್ಲ ಕಣ್ಲಾ. ಒಂದು ತಿಂಗ್ಳಾದ್ರೂ ಹಾಡು ಹರೀಬೇಕು ಅದ್ರಾಗೆ,” ಅಂದರು.

ಹೋರಿ ಪಳಗಿಸುವುದನ್ನು ನಾನು ಕಂಡಿದ್ದೇನೆ. ತಂತಿ ಪಳಗಿದ್ದನ್ನು ಕಂಡವರಿದ್ದರೆ ತೋರಿಸಿ. ಡೆಂಕಣಿಕೋಟೆ ಹತ್ತಿರದ ನಮ್ಮ ಹೊಲದಲ್ಲಿ ಆನೆ ಓಡಿಸಲು ಹೊಂಗೆಮರಕ್ಕೆ ಒಂದು ಸ್ಪೀಕರ್ ಕಟ್ಟಿದ್ದೇವೆ. ಪಂಪ್‌ಸೆಟ್ಟಿಗೆ ಹಾಕಿ ಉಳಿದ ವೈರು, ಗಂಟು ಹಾಕಿದ ಕಡೆ ಟೇಪು. ತಮಟೆ ಸದ್ದು ಹಾಕಿದರೆ ಆನೆಗಳು ರಾಗಿ ಬಿಟ್ಟು ಕಾಡಿನ ಕಡೆ ತಿರುಗುತ್ತವೆ. ಅವುಗಳ ಕಿವಿಯೇನು ಸಣ್ಣದೇ? ಸದ್ದು ಮಸುಕಾಗಿದೆ ಎಂದು ಒಂದಾದರೂ ನಿಂತು ದೂರಿಲ್ಲ.

ಈ ಕೇಬಲ್ಲಿನ ಮಹಿಮೆ ತಿಳಿಯಬೇಕಾದರೆ ಮಾತ್ರ ಮನೆ ಉಸಿರು ಬಿಗಿಹಿಡಿಯಬೇಕು. ಫ್ಯಾನು ಬಂದ್, ಮಿಕ್ಸಿ ಬಂದ್, ಕುಕ್ಕರ್ ಕೂಗುವಂತಿಲ್ಲ. ಅಡುಗೆಮನೆಗೆ ಹೊಸದಾಗಿ ಬಾಗಿಲು ಬೇರೆ ಕೂರಿಸಿದರು. ಇಷ್ಟೆಲ್ಲ ಸದ್ದಡಗಿಸಿದರೆ ಕಬ್ಬಿಣದ ತಂತಿ ಕಟ್ಟಿದರೂ ಹಾಡು ಚೆನ್ನಾಗಿಯೇ ಕೇಳೀತು.

ಅವರ ದುಡ್ಡು, ಅವರ ಹುಚ್ಚು ಎಂದು ಸುಮ್ಮನಿದ್ದುಬಿಡುತ್ತಿದ್ದೆ. ನನ್ನ ಹೊಟ್ಟೆ ಉರಿದದ್ದು ಅಕ್ಕನಿಗಾಗಿ. ಅಕ್ಕನಿಗೆ ಹಾಡದೆ ಮುದ್ದೆ ತಿರುವಲು ಬರುತ್ತಿರಲಿಲ್ಲ. ಸೋಬಾನೆ ಪದವೊಂದನ್ನು ಕನ್ನಡದಲ್ಲಿ ಎತ್ತಿಕೊಂಡು, ನಡುವೆ ತಮಿಳಿಗೆ ಜಾರಿ, ತೆಲುಗಿನಲ್ಲಿ ಮುಗಿಸುತ್ತಿದ್ದಳು. ಅವಳ ಮನೆಗೆ ಹೋದರೆ ಗೇಟಿನ ಹತ್ತಿರವೇ ಅದು ಕೇಳುತ್ತಿತ್ತು, ನನಗೆ ನಮ್ಮ ಮನೆಗೇ ಬಂದ ಹಾಗೆ ಆಗುತ್ತಿತ್ತು. ಕೇಬಲ್ಲು ಬಂದ ಮೇಲೆ ಹಾಲ್‌ನಿಂದ “ಶ್... ಶ್...” ಎಂದು ಗದರಿಕೆ ಶುರುವಾಯಿತು. ಕೆಲವು ದಿನ ತಗ್ಗಿದ ದನಿಯಲ್ಲಿ ಹಾಡಿಕೊಂಡಳು, ಆಮೇಲೆ ಬಿಟ್ಟೇಬಿಟ್ಟಳು. ಈಗ ಭಾವ ಡ್ಯೂಟಿಗೆ ಹೋದಾಗಲೂ ಹಾಡುವುದಿಲ್ಲ.

ಮೊನ್ನೆ ಭಾನುವಾರ ಹೋಗಿದ್ದೆ. ಭಾವ ನನ್ನನ್ನು ಸೋಫಾದ ನಟ್ಟನಡುವೆ ಕೂರಿಸಿ, ಹಳೇ ವೈರಿನಲ್ಲೊಮ್ಮೆ, ಹೊಸ ಕೇಬಲ್ಲಿನಲ್ಲೊಮ್ಮೆ ಒಂದೇ ಹಾಡು ಹಾಕಿದರು.

“ಈಗ್ಲಾದ್ರೂ ವ್ಯತ್ಯಾಸ ಗೊತ್ತಾಯ್ತೇನ್ಲಾ?”

“ಗೊತ್ತಾಯ್ತು ಭಾವ. ಅಕ್ಕ ಹಾಡೋದು ನಿಲ್ಲಿಸ್ಬುಟ್ಟವ್ಳೆ.”

ಅವರು ನಿಜವಾಗಿಯೂ ಆಶ್ಚರ್ಯಪಟ್ಟರು.

“ಅದು ಹಾಡಾ? ಏನೋ ಗೊಣಗ್ತಾವ್ಳೆ ಅನ್ಕೊಂಡಿದ್ದೆ ಕಣ್ಲಾ!”

ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕ ಕೇಳಿಸಿಕೊಂಡಳು. ಲೋಟಗಳನ್ನು ಸದ್ದಾಗದ ಹಾಗೆ ಟೀಪಾಯಿಯ ಮೇಲಿಟ್ಟು, ಕೇಬಲ್ಲನ್ನು ಬಳಸಿಕೊಂಡು ಒಳಗೆ ಹೋದಳು.