ಚಿಕ್ಕಮ್ಮ ಕಳಿಸಿದ ಗೀಟುಗಳು

ನಮ್ಮ ದೊಡ್ಡಮ್ಮನ ಕಣ್ಣು ತಪ್ಪಿಸಿ ಒಂದು ತಪ್ಪಕ್ಷರ ಅಚ್ಚಾಗುವುದು ಸಾಧ್ಯವೇ ಇರಲಿಲ್ಲ. ಮೂವತ್ತೆಂಟು ವರ್ಷ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿದವಳು. ಸಾಲಿನ ಕೆಳಗೆ ರಟ್ಟಿನ ಪಟ್ಟಿ ಹಿಡಿದು, ಕೊನೆಯ ಪುಟದಿಂದ ಮೊದಲ ಪುಟಕ್ಕೆ ಓದಿಕೊಂಡು ಬರುತ್ತಿದ್ದಳು. ಮುಂದಿನಿಂದ ಓದಿದರೆ ಕಥೆ ಎಳೆದುಕೊಂಡು ಹೋಗುತ್ತದೆ, ತಪ್ಪು ಜಾರಿಕೊಳ್ಳುತ್ತದೆ ಎನ್ನುವುದು ಅವಳ ವಾದ. ನಿವೃತ್ತಿಯಾದ ಮೇಲೂ ಚಟ ಬಿಡಲಿಲ್ಲ. ಔಷಧಿ ಅಂಗಡಿಯ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದೆಯೆಂದು ಜಗಳ ಕಾದು, ಏಣಿ ಹಾಕಿಸಿ ತಿದ್ದಿಸಿದ ಮಹಾತಾಯಿ! ಯಂತ್ರಗಳ ಸದ್ದಿನ ನಡುವೆ ಕೂತೂ ಕೂತೂ ಕಿವಿ ಮಾತ್ರ ಮಂದವಾಗಿತ್ತು. ಫೋನಿನಲ್ಲಿ ಯಾರಾದರೂ ಮಾತಾಡಿದರೆ, "ಏನಿದ್ರೂ ಬರೆದು ಕಳಿಸಿ" ಎಂದು ಇಟ್ಟುಬಿಡುತ್ತಿದ್ದಳು.

ಚಿಕ್ಕಮ್ಮನಿಗೆ ಆಗದೇ ಇದ್ದದ್ದು ಅದೊಂದೇ. ಅಕ್ಕತಂಗಿಯರಲ್ಲಿ ಕಿರಿಯವಳು ಅವಳು. ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳಲಿ ಎಂದು ಅವಳೊಬ್ಬಳನ್ನು ಶಾಲೆಗೆ ಕಳಿಸಲಿಲ್ಲ. "ನನ್ನ ಪಾಲಿನ ಅಕ್ಷರಾನೂ ನೀನೇ ನುಂಗಿದೆ ಕಣೇ ಅಕ್ಕಾ" ಎಂದು ದೊಡ್ಡಮ್ಮನನ್ನು ರೇಗಿಸುತ್ತಿದ್ದಳು. ದೊಡ್ಡಮ್ಮ ನಗುತ್ತಿದ್ದಳು, ಆದರೆ ಮಾತು ನಾಟುತ್ತಿತ್ತು. ಹೋಗಿ ನಾಲ್ಕು ದಿನ ಕೂತು ಕಲಿಸಬೇಕು ಎಂದು ವರ್ಷಗಟ್ಟಲೆ ಹೇಳಿಕೊಂಡೇ ಬಂದಳು.

ಹೋದ ವರ್ಷ ದೊಡ್ಡಮ್ಮನಿಗೆ ಹೊಸ ಫೋನು ಕೊಡಿಸಿದವಳು ನಾನು. ಕಾಲು ಗಂಟೆಯಲ್ಲಿ ಹೇಳಿಕೊಟ್ಟು ಕೈ ತೊಳೆದುಕೊಂಡೆ. ಒಂದು ವಾರ ಬಿಟ್ಟು ಹೋದಾಗ ಅವಳು ಫೋನು ಚಾಚಿ ಕೇಳಿದಳು, "ಇದೇನೇ ಇದು, ನಿಮ್ಮ ಚಿಕ್ಕಮ್ಮ ಬರೀ ಗೀಟು ಕಳಿಸ್ತಾಳೆ?"

ನನಗೋ ಬಸ್ಸಿನ ಅವಸರ. ಒಂದು ಕಾಲು ಆಗಲೇ ಚಪ್ಪಲಿಯಲ್ಲಿತ್ತು. ಫೋನಿನ ಕಡೆ ತಿರುಗಿಯೂ ನೋಡದೆ, "ಅಯ್ಯೋ, ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡ ದೊಡ್ಡಮ್ಮ. ಅಕ್ಷರ ಇದ್ರೆ ಓದು, ಇಲ್ದಿದ್ರೆ ಬಿಡು" ಎಂದು ಸಿಡುಕಿದೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಅವಳು ಮತ್ತೆ ನನ್ನನ್ನು ಕೇಳಲಿಲ್ಲ. ತಾನೇ ಅರ್ಥ ಹಚ್ಚಿಕೊಂಡಳು. ಅಕ್ಷರ ಕಲಿಯುವ ಮಕ್ಕಳು ಮೊದಲು ಗೀಟು ಎಳೆಯುತ್ತಾರಲ್ಲ, ತಂಗಿ ಹಾಗೆ ಕೈ ಪಳಗಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡಳು. ಎಷ್ಟಾದರೂ ಪ್ರೂಫ್ ತಿದ್ದಿದವಳಲ್ಲವೇ, ಬಂದ ಗೀಟನ್ನೆಲ್ಲ ಭೂತಗನ್ನಡಿ ಹಿಡಿದು ನೋಡಿ, ಮಗ ಓದಿ ಹೇಳುತ್ತಾನೆಂದು ಉತ್ತರ ಬರೆದಳು: "ಮೊನ್ನೆಯದಕ್ಕಿಂತ ನೇರವಾಗಿದೆ. ಬಿಡದೆ ಅಭ್ಯಾಸ ಮಾಡು."

ಎರಡು ತಿಂಗಳಾದ ಮೇಲೆ ಚಿಕ್ಕಮ್ಮನಿಗೆ ಗಂಟಲಿನ ಆಪರೇಷನ್ ಆಯಿತು. ಸಣ್ಣದು ಎಂದೇ ನಮಗೆಲ್ಲ ಹೇಳಿದ್ದರು. ಅದು ಮುಗಿದ ಮಾರನೆಯ ದಿನ ಅವಳ ಮಗ ನನಗೆ ಫೋನು ಮಾಡಿ, "ಅಮ್ಮಂಗೆ ಇನ್ನು ಮಾತು ಬರಲ್ಲ ಅಕ್ಕ, ಧ್ವನಿಪೆಟ್ಟಿಗೇನೇ ತೆಗೆದುಬಿಟ್ರು" ಎಂದ.

ಇದನ್ನು ಹೇಳಲು ದೊಡ್ಡಮ್ಮನ ಮನೆಗೆ ಓಡಿದೆ. ಸುದ್ದಿ ಕೇಳಿ ಅವಳು, "ಪರವಾಗಿಲ್ಲ, ಬರೆಯೋದಂತೂ ಶುರು ಮಾಡಿದಾಳೆ" ಎಂದು ಫೋನು ತೆಗೆದು ತೋರಿಸಿದಳು. ಅವು ಗೀಟುಗಳಲ್ಲ, ಚಿಕ್ಕಮ್ಮ ಮಾತಾಡಿ ಕಳಿಸಿದ ಸಂದೇಶಗಳು. ಒಟ್ಟು ಹನ್ನೊಂದು. ಪಕ್ಕದ ಗುರುತು ಒತ್ತಿದ್ದರೆ ಮಾತು ಹೊರಡುತ್ತಿತ್ತು. ಒಂದನ್ನೂ ಯಾರೂ ಒತ್ತಿರಲಿಲ್ಲ.

ನಾನು ಒತ್ತಿದೆ. "ಅಕ್ಕಾ, ನಾನು ಕಣೇ. ಆಪರೇಷನ್ ಆದ್ರೆ ಮಾತು ಹೋಗತ್ತಂತೆ. ಅಷ್ಟರೊಳಗೆ ನಂಗೆ ಬರೆಯೋದು ಕಲಿಸಿಕೊಡು ಬಾ. ಮನೇಲಿ ಯಾರಿಗೂ ಹೇಳಿಲ್ಲ, ಈ ವಯಸ್ಸಲ್ಲಿ ಅಆಇಈ ಅಂದ್ರೆ ನಗ್ತಾರೆ."

ದೊಡ್ಡಮ್ಮನಿಗೆ ಸರಿಯಾಗಿ ಕೇಳಿಸಲಿಲ್ಲ. ಪಿಸುಗುಟ್ಟಿ ಹೇಳಿದ್ದ ಆ ಮಾತನ್ನೆಲ್ಲ ನಾನು ಅವಳ ಕಿವಿಗೆ ಬಾಯಿಟ್ಟು, ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕಾಯಿತು. ಕೊನೆಯದು ಹೀಗಿತ್ತು: "ನೀನು ಬರೆದದ್ದು ಬಂತು. ಏನು ಅಂತ ಗೊತ್ತಾಗಲಿಲ್ಲ. ಬರ್ತೀನಿ ಅಂತಲೇ ಬರೆದಿರ್ತೀಯ ಬಿಡು. ನಾಳಿದ್ದು ಆಸ್ಪತ್ರೆಗೆ ಸೇರಿಸ್ತಾರೆ, ಬೇಗ ಬಾ."

ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಓದು ಬಂದವಳು ಅಂತ ಮೆರೆದೆನಲ್ಲೇ" ಎಂದಳು. ಶಾಲೆಯ ಮುಖ ಕಾಣದವಳು ಆ ಫೋನಿನಲ್ಲಿ ತನ್ನ ಸಂಕಟವನ್ನೆಲ್ಲ ತಾನೇ ಹೇಳಿ ಕಳಿಸಿದ್ದಳು. ಓದಿದ ನಾವಿಬ್ಬರೂ ಅದನ್ನು ಬಿಚ್ಚಿ ನೋಡಿರಲಿಲ್ಲ.

ಮಾರನೆಯ ದಿನ ಆಸ್ಪತ್ರೆಗೆ ಹೋದೆವು. ಚಿಕ್ಕಮ್ಮ ದಿಂಬಿಗೊರಗಿ ಕೂತಿದ್ದಳು, ಕುತ್ತಿಗೆಗೆ ಬಿಳಿ ಪಟ್ಟಿ. ಆಸ್ಪತ್ರೆಯವರು ಅವಳ ಫೋನಿನಲ್ಲಿ ಸಾಲಾಗಿ ಚಿತ್ರಗಳನ್ನು ಹಾಕಿಕೊಟ್ಟಿದ್ದರು. ಲೋಟದ ಚಿತ್ರ ಮುಟ್ಟಿದರೆ ಫೋನಿನೊಳಗಿನ ಯಾರೋ ಹೆಂಗಸು ನೀರು ಬೇಕು ಎನ್ನುತ್ತಿದ್ದಳು.

ದೊಡ್ಡಮ್ಮ ಚೀಲದಿಂದ ಕಾಪಿ ಪುಸ್ತಕ, ಪೆನ್ಸಿಲ್ ತೆಗೆದಳು. ಪುಟದ ತುಂಬ ದೊಡ್ಡದಾಗಿ ಒಂದು 'ಅ' ಬರೆದು ತಂಗಿಯ ತೊಡೆಯ ಮೇಲಿಟ್ಟಳು. "ತಪ್ಪಾಯ್ತು ಕಣೇ. ಈಗ ಕಲಿಸ್ತೀನಿ. ನೀನು ಕಲಿಯೋ ತನಕ ಇಲ್ಲಿಂದ ಏಳಲ್ಲ."

ಚಿಕ್ಕಮ್ಮ ಬಹಳ ಹೊತ್ತು ಆ ಅಕ್ಷರವನ್ನೇ ನೋಡಿದಳು. ಪೆನ್ಸಿಲನ್ನು ಕೈಗೆತ್ತಿಕೊಂಡು, ಹಾಗೇ ಕೆಳಗಿಟ್ಟಳು. ಫೋನಿನಲ್ಲಿ ಮಂಚದ ಚಿತ್ರ ಒತ್ತಿದಳು.

"ನನಗೆ ಸುಸ್ತಾಗಿದೆ. ಮಲಗುತ್ತೇನೆ" ಎಂದಿತು ಆ ಗೊತ್ತಿಲ್ಲದ ಹೆಂಗಸಿನ ದನಿ.

ಚಿಕ್ಕಮ್ಮ ಗೋಡೆಯ ಕಡೆ ಹೊರಳಿದಳು. ದೊಡ್ಡಮ್ಮ ನನ್ನ ಮುಖ ನೋಡಿ, "ಏನಂದ್ಲೇ ಅವಳು?" ಎಂದು ಕೇಳಿದಳು. ಅಲ್ಲಿ ಕೂಗಿ ಹೇಳುವಂತಿರಲಿಲ್ಲ. ಆ ಮಾತನ್ನು 'ಅ' ಅಕ್ಷರದ ಕೆಳಗೇ ಬರೆದು ತೋರಿಸಿದೆ.